ಬೆಕ್ಕಿನ ಗದ್ದದ ಮೊಡವೆ

ಬೆಕ್ಕಿಗೂ ಮೊಡವೆ ಏಳುವುದೆಂದರೆ ವಾಚಕರು ನಗಬಹುದು. ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಲ್ಲಿರುವ ನಮ್ಮ ನೆರೆಮನೆಯವರೂ ನಕ್ಕಿದ್ದರು. ಅವರ ಬಿಳಿಯ ಬೆಕ್ಕಿನ ಗದ್ದದ ಮೇಲೆ, ಕಾಫಿಯ ಗಸಿ ಅಂಟಿಕೊಂಡಂತೆ ಕರಿಯ ಚುಕ್ಕೆಗಳು ಕಾಣಿಸಿಕೊಂಡುವು. ಕೊಳೆಯೆಂದು ಒರಸಿದರು, ಹೋಗಲಿಲ್ಲ. ಕಾಲೇಜಿನಲ್ಲಿ ಓದುವ ಮಗಳು ತನ್ನ ಮುಖಕ್ಕೆ ಹಚ್ಚುವ ಮುಲಾಮನ್ನೇ ಬೆಕ್ಕಿಗೂ ಹಚ್ಚಲು ಹೊರಟಳು. ಅಜ್ಜಿಯವರು ಫಿನಾಯಿಲನ್ನು ನೀರಿಗೆ ಬೆರೆಸಿ ತೊಳೆಯಿರೆಂದರು. ಇವೆರಡೂ ಬೆಕ್ಕಿಗೆ ಅಪಾಯಕರವೆಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಚರ್ಮದಲ್ಲಿ ಕೂದಲು ಮೊಳೆಯುವ ಸಣ್ಣ ಕುಳಿಗೆ ರೋಮಕೂಪವೆಂದು ಹೆಸರು. ಅದರ ಪಕ್ಕದಲ್ಲಿರುವ ಮೇದೋಗ್ರಂಥಿಯು ಜಿಡ್ಡನ್ನು ಸ್ರವಿಸುವುದು. ಬೆಕ್ಕಿನ ಗದ್ದದಲ್ಲಿ ಈ ಗ್ರಂಥಿಗಳು ಹೇರಳ. ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಮ್ಮ ಮೊಣಕಾಲಿಗೆ ಬೆಕ್ಕು ಗದ್ದ ಉಜ್ಜುವುದನ್ನು ಯಾರು ನೋಡಿಲ್ಲ? ಅದು ಬರಿಯ ಮುದ್ದಲ್ಲ, ತನ್ನ ವಾಸನೆಯ ಮುದ್ರೆಯನ್ನು ಒತ್ತುವ ಕ್ರಮ. ರೋಮಕೂಪದ ಒಳಗೋಡೆಯಲ್ಲಿ ಕೆರಟಿನ್ ಎಂಬ ಗಡುಸು ಪದಾರ್ಥವು ಅತಿಯಾಗಿ ಉಂಟಾಗಿ ಜಿಡ್ಡಿನೊಡನೆ ಸೇರಿದರೆ, ಕುಳಿಯ ಬಾಯಿಗೆ ಬಿರಡೆ ಜಡಿದಂತಾಗುವುದು. ಆ ಬಿರಡೆಯ ತುದಿಯೇ ನಮಗೆ ಕಾಣುವ ಕರಿಯ ಚುಕ್ಕೆ.

ನಮ್ಮ ಮೊಡವೆ ಹರೆಯದ ಹಾರ್ಮೋನುಗಳ ಕೊಡುಗೆ. ಬೆಕ್ಕಿನದು ಹಾಗಲ್ಲ; ಯಾವ ವಯಸ್ಸಿನಲ್ಲಾದರೂ, ಗಂಡು ಹೆಣ್ಣೆಂಬ ಭೇದವಿಲ್ಲದೆ ಬರುವುದುಂಟು. ಇದರ ಮೂಲ ಕಾರಣವನ್ನು ವಿಜ್ಞಾನವು ಇನ್ನೂ ನಿರ್ಧರಿಸಿಲ್ಲ. ಗದ್ದವು ನಾಲಗೆಗೆ ನಿಲುಕದ ಜಾಗವೆಂಬುದೊಂದು ಅನುಮಾನ. ಪ್ಲಾಸ್ಟಿಕ್ ಬಟ್ಟಲಿನ ಗೀರುಗಳಲ್ಲಿ ನಿಲ್ಲುವ ಜಿಡ್ಡು, ಬ್ಯಾಕ್ಟೀರಿಯಗಳೆಂಬುದು ಇನ್ನೊಂದು. ಬಟ್ಟಲಿನ ಮೇಲಣ ಆರೋಪ ಪೂರ್ತಿಯಾಗಿ ರುಜುವಾತಾಗಿಲ್ಲ. ಆದರೂ ಸ್ಟೀಲ್ ತಟ್ಟೆಗೆ ಬರವಿಲ್ಲದ ನಮ್ಮ ಅಡುಗೆಮನೆಗಳಲ್ಲಿ ಅದನ್ನು ಬದಲಿಸಿ ನೋಡುವುದಕ್ಕೆ ಖರ್ಚೇನು?

ಕರಿಯ ಚುಕ್ಕೆಗಳೆಲ್ಲವೂ ಮೊಡವೆಯಲ್ಲ. ಚಿಗಟದ ಹಿಕ್ಕೆಯೂ ಹೀಗೆಯೇ ಕಾಣುವುದು. ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಬಹುದು: ಕೂದಲನ್ನು ಬಾಚಿ, ಉದುರಿದ ಕಣಗಳನ್ನು ಒದ್ದೆಯಾದ ಬಿಳಿಯ ಕಾಗದದ ಮೇಲಿಡಿ. ಸುತ್ತಲೂ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟವು ಕುಡಿದು ಜೀರ್ಣಿಸಿದ ರಕ್ತ. ಮೊಡವೆಯ ಬಿರಡೆಯಾದರೋ ಚರ್ಮಕ್ಕೆ ಕಚ್ಚಿಕೊಂಡಿದ್ದು, ಬಾಚಣಿಗೆಗೆ ಸುಲಭವಾಗಿ ಬಾರದು.

ನಮ್ಮನ್ನು ನಿಜವಾಗಿ ಕಳವಳಗೊಳಿಸಿದುದು ಹುಳುಕಡ್ಡಿಯ ಶಂಕೆ. ಬೆಕ್ಕಿನ ಗದ್ದದ ಒಂದು ಕಡೆ ಕೂದಲು ಉದುರಿದ್ದಿತು. ಆ ಮನೆಯ ಎರಡು ವರ್ಷದ ಮಗು ಅದಕ್ಕೆ ಕೆನ್ನೆಯಿಟ್ಟು ಮಲಗುತ್ತಿದ್ದಿತು. ಮೈಕ್ರೋಸ್ಪೋರಮ್ ಕೇನಿಸ್ ಎಂಬ ಶಿಲೀಂಧ್ರವು ಬೆಕ್ಕಿನಿಂದ ಮನುಷ್ಯರಿಗೆ, ಅದರಲ್ಲಿಯೂ ಮಕ್ಕಳಿಗೆ, ಹರಡಬಲ್ಲುದು. ಕಣ್ಣಳತೆಯಿಂದ ಇದನ್ನು ತೀರ್ಮಾನಿಸಲಾಗದು. ೧೯೫೮ರಲ್ಲಿ ಹೆಬ್ಬಾಳದಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಕಾಲೇಜು ಇರುವ ಊರಿನಲ್ಲಿ ತಜ್ಞರಿಗೆ ಕೊರತೆಯಿಲ್ಲ. ವೈದ್ಯರು ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನುಸಿಗಳಿಗಾಗಿ ಹುಡುಕಿದರು. ಕೆಲವು ಕೂದಲುಗಳನ್ನು ಕಿತ್ತು ಶಿಲೀಂಧ್ರ ಬೆಳೆಯುವುದೇ ಎಂದು ನೋಡಲು ಕಳುಹಿಸಿದರು. ಶಿಲೀಂಧ್ರವು ನಿಧಾನವಾಗಿ ಬೆಳೆಯುವುದರಿಂದ ಕೆಲವು ವಾರಗಳು ಕಾಯಬೇಕಾಯಿತು. ಅಷ್ಟು ದಿನವೂ ಮಗುವನ್ನು ಬೆಕ್ಕಿನಿಂದ ದೂರವಿಟ್ಟುದೇ ದೊಡ್ಡ ಸಾಹಸ.

ಚಿಕಿತ್ಸೆ ಸರಳ. ಬರಿಯ ಚುಕ್ಕೆಗಳಿದ್ದು ಬೆಕ್ಕು ಕೆರೆದುಕೊಳ್ಳದಿದ್ದರೆ ಸುಮ್ಮನಿರಬಹುದು. ಇಲ್ಲವೆ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಮೃದುವಾಗಿ ಒರಸಬಹುದು. ಕೆಲವೊಮ್ಮೆ ವೈದ್ಯರು ತೆಳುವಾದ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಕೊಡುವರು. ಚುಕ್ಕೆಗಳನ್ನು ಹಿಸುಕಲೇಬಾರದು, ರೋಮಕೂಪವು ಚರ್ಮದೊಳಗೇ ಒಡೆದು ಬಾವು ಏಳುವುದು. ಕೀವು, ನೋವು, ಗದ್ದದ ಊತ ಕಂಡರೆ ಬ್ಯಾಕ್ಟೀರಿಯಗಳು ಸೇರಿಕೊಂಡಿರಬಹುದು; ಆಗ ಪ್ರತಿಜೀವಕ ಔಷಧಿ ಬೇಕಾದೀತು.

ಇನ್ನು ಆ ಮುಲಾಮು ಮತ್ತು ಫಿನಾಯಿಲಿನ ಮಾತು. ಫಿನಾಲ್ ಜಾತಿಯ ಪದಾರ್ಥಗಳನ್ನು ನಮ್ಮ ಯಕೃತ್ತು ಗ್ಲುಕುರಾನಿಕ್ ಆಮ್ಲದೊಡನೆ ಜೋಡಿಸಿ ಹೊರಹಾಕುವುದು. ಈ ಕೆಲಸದ ಒಂದು ಮುಖ್ಯ ಕಿಣ್ವವನ್ನು ನಿರ್ಮಿಸುವ ಜೀನು ಬೆಕ್ಕಿನಲ್ಲಿ ನಿಷ್ಕ್ರಿಯವಾಗಿದೆ. ಗದ್ದಕ್ಕೆ ಹಚ್ಚಿದುದನ್ನು ಬೆಕ್ಕು ಪಂಜದಿಂದ ಉಜ್ಜಿ, ಪಂಜವನ್ನು ನೆಕ್ಕುವುದು. ಫಿನಾಯಿಲ್ ಆಗಲಿ, ಅನೇಕ ಮುಲಾಮುಗಳಲ್ಲಿರುವ ಸ್ಯಾಲಿಸಿಲಿಕ್ ಆಮ್ಲವಾಗಲಿ ಹಾಗೆ ಹೊಟ್ಟೆ ಸೇರಿದರೆ ಬೇಗನೆ ಹೊರಹೋಗದು. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆ ಒಂದೇ ಒಂದು ಬೆಕ್ಕನ್ನು ಕೊಲ್ಲಬಲ್ಲುದು.

ಕೊನೆಗೆ ಶಿಲೀಂಧ್ರವಿಲ್ಲವೆಂದು ವರದಿ ಬಂದಿತು. ಸ್ಟೀಲ್ ತಟ್ಟೆ ಬಂದಿತು. ಚುಕ್ಕೆಗಳು ಕ್ರಮೇಣ ವಿರಳವಾದುವು. ಆಗಾಗ ಒಂದೆರಡು ಮತ್ತೆ ಮೂಡುವುದುಂಟು. ಆ ಹುಡುಗಿ ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಬೆಕ್ಕನ್ನು ಕರೆಯುವಳು. ಅದು ಮಂಚದ ಕೆಳಗೆ ನುಸುಳುವುದು.