ಕೆಟಿಪಿಪಿ ಕಾಯ್ದೆ: ದಾಂಡೇಲಿಯ ಚರಂಡಿಯಿಂದ ಜೋಯಿಡಾದ ಕೊಳವೆವರೆಗೆ

ದಾಂಡೇಲಿ ನಗರಸಭೆ, ಹಳಿಯಾಳ ಪುರಸಭೆ, ಮುಂಡಗೋಡ ಪಟ್ಟಣ ಪಂಚಾಯಿತಿ, ಜೋಯಿಡಾ ಗ್ರಾಮ ಪಂಚಾಯಿತಿ: ಹಂತ ಬೇರೆಯಾದರೂ ಇವುಗಳ ಖರೀದಿ, ಕಾಮಗಾರಿಗೆ ಕಾನೂನು ಒಂದೇ. ಅದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ (ಕೆಟಿಪಿಪಿ) ಅಧಿನಿಯಮ, 1999; ಅದರ ನಿಯಮಗಳು 2000ರವು. ತಮಿಳುನಾಡು 1998ರಲ್ಲೇ ಇಂಥ ಕಾಯ್ದೆ ತಂದಿತ್ತು. ಕೇಂದ್ರ ಇಲಾಖೆಗಳ ಖರೀದಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಹೆಚ್ಚು ಎಡವುವುದು ಈ ಕಾಯ್ದೆಯ 4ನೇ ಪ್ರಕರಣದಲ್ಲಿ. ಟೆಂಡರ್ ಕರೆಯುವುದೇ ನಿಯಮ, ವಿನಾಯಿತಿಗಳು ಇಲ್ಲಿವೆ. ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪದ ಅವಧಿ 4(ಎ). ಸರ್ಕಾರವೇ ಅಧಿಸೂಚನೆ ಹೊರಡಿಸಿ ನೀಡುವ ವಿನಾಯಿತಿ 4(ಜಿ). ಹೆಚ್ಚು ಟೀಕೆಗೆ ಗುರಿಯಾಗಿರುವುದೂ ಇದೇ, ಟೀಕೆ ನ್ಯಾಯವೂ ಹೌದು.

ಟೆಂಡರ್‌ನ ದ್ವಿ ಲಕೋಟೆ ಪದ್ಧತಿಯಲ್ಲಿ ಮೊದಲು ತೆರೆಯುವುದು ತಾಂತ್ರಿಕ ಬಿಡ್: ಗುತ್ತಿಗೆದಾರನ ಅನುಭವ, ವಹಿವಾಟು, ಯಂತ್ರೋಪಕರಣ. ಅದರಲ್ಲಿ ಅರ್ಹರಾದವರ ದರಪಟ್ಟಿಯನ್ನಷ್ಟೇ ಆಮೇಲೆ ತೆರೆಯುತ್ತಾರೆ. ಅನರ್ಹನು ಎಷ್ಟೇ ಕಡಿಮೆ ದರ ಬರೆದಿದ್ದರೂ ಲೆಕ್ಕಕ್ಕಿಲ್ಲ. ಟೆಂಡರ್ ಆದೇಶ ಒಪ್ಪದವರು 16ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. ಅವಧಿ 30 ದಿನ.

ಮೀಸಲಾತಿಯನ್ನು ತಪ್ಪದೆ ಓದಿಕೊಳ್ಳಿ. ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95. ಆರಂಭದಲ್ಲಿ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಿಗಷ್ಟೇ ಇದ್ದ ಈ ಮೀಸಲಾತಿಯ ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಲಾಯಿತು. ಸಣ್ಣ ಕಾಮಗಾರಿಗಳೇ ಹೆಚ್ಚಿರುವ ದಾಂಡೇಲಿ, ಜೋಯಿಡಾದಂಥ ಅರಣ್ಯ ತಾಲ್ಲೂಕುಗಳಲ್ಲಿ ಸ್ಥಳೀಯ ಗುತ್ತಿಗೆದಾರರಿಗೆ ಇದರ ಬೆಲೆ ದೊಡ್ಡದು.