ಬಚ್ಚಲಿನ ನೀರು ಆರದಿರಲಿ

1992ರ ಏಪ್ರಿಲ್ 22ರಂದು ಮೆಕ್ಸಿಕೋ ದೇಶದ ಗ್ವಾದಲಹಾರ ನಗರದಲ್ಲಿ ಒಳಚರಂಡಿ ಸ್ಫೋಟಗೊಂಡು 200ಕ್ಕೂ ಹೆಚ್ಚು ಜನರು ಅಸುನೀಗಿದರು. ನೆಲದಡಿಯ ಪೆಟ್ರೋಲ್ ಕೊಳವೆಯೊಂದು ತುಕ್ಕು ತಿಂದು ತೂತಾಗಿ, ಸೋರಿದ ಪೆಟ್ರೋಲ್ ಚರಂಡಿಯನ್ನು ಸೇರಿತ್ತು. ಬಚ್ಚಲುಗಳಿಂದ ಪೆಟ್ರೋಲ್ ವಾಸನೆ ಬರುತ್ತಿದೆಯೆಂದು ನಿವಾಸಿಗಳು ಮೊದಲೇ ದೂರಿದ್ದರು.

ಚರಂಡಿಯು ಕೊಳಚೆಯನ್ನಷ್ಟೇ ಅಲ್ಲ, ಆವಿಯನ್ನೂ ಸಾಗಿಸುತ್ತದೆ. ಎಲ್ಲ ಆವಿಯೂ ಹೀಗೆ ಸಿಡಿದು ತನ್ನ ಇರವನ್ನು ಸಾರುವುದಿಲ್ಲ. ಡ್ರೈಕ್ಲೀನಿಂಗ್‌ಗೆ ಬಳಸುವ ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಕವು ನೆಲಕ್ಕಿಳಿದರೆ ಅಂತರ್ಜಲದಲ್ಲಿ ಬಹುಕಾಲ ಉಳಿಯುತ್ತದೆ. ಬಿರುಕುಬಿಟ್ಟ ಚರಂಡಿ ಕೊಳವೆಗಳ ಮೂಲಕ ಅದರ ಆವಿ ಮನೆಗಳನ್ನು ಹೊಕ್ಕುದನ್ನು ಡೆನ್ಮಾರ್ಕ್ ಮತ್ತು ಅಮೆರಿಕದ ತಜ್ಞರು ಕಂಡಿದ್ದಾರೆ. ಅಲ್ಪ ಪ್ರಮಾಣದಲ್ಲಿದ್ದರೆ ಮೂಗಿಗೆ ತಿಳಿಯದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ.

ಮನೆಗೂ ಚರಂಡಿಗೂ ನಡುವಿನ ಮುಖ್ಯ ತಡೆಯೆಂದರೆ ಬಚ್ಚಲ ಟ್ರ್ಯಾಪಿನಲ್ಲಿ ನಿಂತ ಸುಮಾರು 2 ಅಂಗುಲ ನೀರು, ಅಷ್ಟೇ. ಬಳಸದ ಬಚ್ಚಲಿನಲ್ಲಿ, ಬೇಸಿಗೆಯಲ್ಲಂತೂ, ಅದು ಬೇಗ ಆರಿಹೋಗುತ್ತದೆ. ಆಗ ಎಕ್ಸಾಸ್ಟ್ ಫ್ಯಾನ್ ತಿರುಗಿಸಿದರೆ ಚರಂಡಿಯ ಗಾಳಿಯನ್ನೇ ಒಳಕ್ಕೆ ಎಳೆದುಕೊಂಡಂತೆ. ಅತಿಥಿಗಳಿಗೆಂದು ಇರಿಸಿದ ಸ್ನಾನಗೃಹಕ್ಕೂ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಸುರಿಯಬೇಕು. ಯಾತ್ರೆಯಿಂದ ಮರಳಿದೊಡನೆ ಮಾಡಬೇಕಾದುದೂ ಇದನ್ನೇ. ಆ ಮೇಲೂ ವಾಸನೆ ನಿಲ್ಲದಿದ್ದರೆ ಕೊಳವೆಯಲ್ಲಿ ಅಥವಾ ಕಮೋಡಿನ ಬುಡದಲ್ಲಿ ಬಿರುಕಿರಬಹುದು, ಪ್ಲಂಬರನ್ನು ಕರೆಸಿರಿ.

ದುರ್ಗಂಧವನ್ನಡಗಿಸಲು ಊದುಬತ್ತಿ ಹಚ್ಚುವ ರೂಢಿ ನಮ್ಮಲ್ಲಿದೆ. ಬಚ್ಚಲಿನಿಂದ ಪೆಟ್ರೋಲ್ ವಾಸನೆ ಬಂದಾಗ ಅದು ಪ್ರಾಣಕ್ಕೇ ಎರವಾದೀತು. ದೀಪ ಹಚ್ಚದೆ, ಸ್ವಿಚ್ಚನ್ನೂ ಮುಟ್ಟದೆ, ಮನೆಮಂದಿಯೊಡನೆ ಹೊರಬಂದು ದೂರದಿಂದ 112ಕ್ಕೆ ಕರೆಮಾಡಬೇಕು.