ರಿಪೇರಿ ಹುಂಡಿ

ನಮ್ಮ ಮನೆ ಮುಂದೆ ಹೊಸ ಕಾರು ಯಾವತ್ತೂ ನಿಂತಿಲ್ಲ. ನಿಂತವೆಲ್ಲ ಇನ್ನೊಬ್ಬರು ವರ್ಷಗಟ್ಟಲೆ ಓಡಿಸಿ, ಸಾಕೆನಿಸಿ ಮಾರಿದವು. ಚಳಿಗಾಲದ ಬೆಳಿಗ್ಗೆ ಸೆಲ್ಫ್ ಎತ್ತದವು, ಘಾಟಿಯಲ್ಲಿ ಹೀಟಾಗುವವು, ಜೋರು ಮಳೆಯಲ್ಲೇ ವೈಪರ್ ನಿಲ್ಲಿಸುವವು. ಮೇಷ್ಟ್ರ ಸಂಬಳದಲ್ಲಿ ಸೈಟು ಕೊಂಡದ್ದು, ಮಗಳನ್ನು ಸಾಲವಿಲ್ಲದೆ ಓದಿಸಿದ್ದು, ಈ ಎರಡರಲ್ಲೂ ಆ ಕಾರುಗಳ ಪಾಲು ದೊಡ್ಡದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೆ ಕಾರು ಹಳೆಯದಾದ ಮಾತ್ರಕ್ಕೆ ದುಡ್ಡು ಉಳಿಯುವುದಿಲ್ಲ. ಉಳಿಯುವಂತೆ ಮಾಡಿದ್ದು ನನ್ನ ಹೆಂಡತಿ ಇಟ್ಟ ಒಂದು ಬಿಸ್ಕತ್ ಡಬ್ಬಿ.

ತೊಂಬತ್ತರ ದಶಕದ ನಡುವಿನಲ್ಲಿ ಮೊದಲ ಕಾರು ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ರೀ, ಹೊಸ ಕಾರು ತಗೊಂಡಿದ್ರೆ ತಿಂಗಳು ತಿಂಗಳು ಕಂತು ಕಟ್ತಿರಲಿಲ್ವಾ? ಅದರಲ್ಲಿ ಅರ್ಧನಾದ್ರೂ ಇದರೊಳಗೆ ಹಾಕಿ." ಅಂದಿನಿಂದ ಸಂಬಳದ ದಿನ ಮೊದಲು ಡಬ್ಬಿಗೆ, ಆಮೇಲೆ ಮಿಕ್ಕಿದ್ದಕ್ಕೆ. ನಂತರ ಡಬ್ಬಿಯ ಜಾಗಕ್ಕೆ ಬ್ಯಾಂಕಿನ ಆರ್‌ಡಿ ಬಂತು, ಹೆಸರು ಮಾತ್ರ ರಿಪೇರಿ ಹುಂಡಿ ಎಂದೇ ಉಳಿಯಿತು. ಕಾರು ಕೆಡದ ತಿಂಗಳಲ್ಲೂ ಹಾಕಬೇಕು ಎನ್ನುವುದು ಅವಳ ಕಟ್ಟುನಿಟ್ಟು. ಹಳೆ ಕಾರಿಗೂ ಕಂತು ಇದ್ದೇ ಇದೆ. ಅದು ಯಾವ ತಿಂಗಳು ಬರುತ್ತದೆ, ಎಷ್ಟು ಬರುತ್ತದೆ ಎಂದು ಯಾರೂ ಮುಂಚೆ ಹೇಳುವುದಿಲ್ಲ, ಅಷ್ಟೆ.

ಈಗಿನ ಲೆಕ್ಕವನ್ನೇ ನೋಡೋಣ. ಶೋರೂಂ ಬೆಲೆ ₹6 ಲಕ್ಷದ ಕಾರಿಗೆ ₹5 ಲಕ್ಷ ಸಾಲ ತೆಗೆದರೆ, ಶೇ 9ರ ಬಡ್ಡಿಗೆ 5 ವರ್ಷದ ಕಂತು ತಿಂಗಳಿಗೆ ಸುಮಾರು ₹10,380. ಒಟ್ಟು ಬಡ್ಡಿಯೇ ₹1.23 ಲಕ್ಷ ಆಗುತ್ತದೆ. ಕರ್ನಾಟಕದಲ್ಲಿ ₹5 ಲಕ್ಷದಿಂದ ₹10 ಲಕ್ಷದವರೆಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 14, ಅಂದರೆ ₹84,000, ಅದರ ಮೇಲೆ ಸೆಸ್ ಬೇರೆ. ಇನ್ನು ಕಾರಿನ ಬೆಲೆ ಇಳಿಯುವುದನ್ನು ವಿಮೆಯವರ ಪಟ್ಟಿಯೇ ಹೇಳುತ್ತದೆ: ಒಂದು ವರ್ಷ ದಾಟಿದರೆ ಶೇ 20 ಕಡಿತ, ಎರಡು ದಾಟಿದರೆ ಶೇ 30, ನಾಲ್ಕು ದಾಟಿದರೆ ಶೇ 50. ಮಾರುಕಟ್ಟೆಯಲ್ಲಿ ಕೊಂಚ ಹೆಚ್ಚುಕಮ್ಮಿ ಆದೀತು, ಆದರೂ ₹3 ಲಕ್ಷ ಕರಗಿತು ಎಂದೇ ಇಟ್ಟುಕೊಳ್ಳಿ. ಮೂರೂ ಸೇರಿ 5 ವರ್ಷಕ್ಕೆ ₹5 ಲಕ್ಷದ ಮೇಲೆ. ಪೆಟ್ರೋಲು, ಸರ್ವಿಸು, ವಿಮೆ ಸೇರಿಸುವ ಮೊದಲೇ ವರ್ಷಕ್ಕೆ ಲಕ್ಷ ರೂಪಾಯಿ.

ಹಾಗಾದರೆ ಹಳೆ ಕಾರಿಗೆ ವರ್ಷಕ್ಕೆ ಒಂದು ಲಕ್ಷದವರೆಗೂ ರಿಪೇರಿ ಮಾಡಿಸಬಹುದು, ನಷ್ಟವಿಲ್ಲ ಎಂದಾಯಿತು. ಅಷ್ಟೊಂದು ತಿನ್ನುವ ಕಾರು ನನಗಂತೂ ಸಿಕ್ಕಿಲ್ಲ. ಆದರೂ ಜನ ಹಳೆ ಕಾರಿಗೆ ಹೆದರುವುದೇಕೆಂದರೆ, ಹೊಸದರ ನಷ್ಟ ಕಣ್ಣಿಗೆ ಬೀಳದೆ ಕರಗುತ್ತದೆ. ಹಳೆಯದರ ಬಿಲ್ಲು ₹18,000 ಎಂದು ಕೈಗೇ ಬರುತ್ತದೆ, ಅದೂ ಶಾಲೆ ಫೀಸು ಕಟ್ಟುವ ಜೂನ್ ತಿಂಗಳಲ್ಲಿ. ಕೈಯಲ್ಲಿ ದುಡ್ಡಿಲ್ಲದವರು ಆಗ ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ, ಇಲ್ಲವೇ ಒಡವೆ ಅಡ ಇಡುತ್ತಾರೆ. ಹಳೆ ಕಾರು ದುಬಾರಿಯಾಗುವುದು ಅಲ್ಲಿ. ವಿಮೆ ಇದೆಯಲ್ಲ ಎನ್ನುವಂತಿಲ್ಲ. ಸವಕಳಿ, ಯಂತ್ರದ ಒಳಗಿನ ಕೆಡುಕು ಮಾಮೂಲಿ ವಾಹನ ವಿಮೆಯೊಳಗೆ ಬರುವುದೇ ಇಲ್ಲ. ಹುಂಡಿಯೇ ಅದಕ್ಕೆ ವಿಮೆ.

ಖರ್ಚು ಎಲ್ಲಿ ಮಾಡಬೇಕು, ಎಲ್ಲಿ ಬಿಡಬೇಕು ಎನ್ನುವುದನ್ನು ನನಗೆ ಕಲಿಸಿದ್ದು ಆಗುಂಬೆ ಘಾಟಿ. ನಾವಿರುವುದು ಶಿವಮೊಗ್ಗದಲ್ಲಿ, ಹೆಂಡತಿಯ ತವರು ಹೆಬ್ರಿ ಕಡೆ. ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವು. ಫಸ್ಟ್ ಗೇರು, ಸೆಕೆಂಡ್ ಗೇರು, ಅಷ್ಟರಲ್ಲೇ ಏರಬೇಕು. ಎಂಜಿನ್ ಮೇಲೆ ಭಾರ ಪೂರ್ತಿ, ಕಾರಿನ ವೇಗ ಕಡಿಮೆ, ಹಾಗಾಗಿ ರೇಡಿಯೇಟರಿಗೆ ಗಾಳಿ ಸಾಲದು. ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿದ ರೇಡಿಯೇಟರಿನ ಕೊಳವೆಗಳು ಉಪ್ಪು ಕಟ್ಟಿ ಅರ್ಧ ಮುಚ್ಚಿರುತ್ತವೆ. ಫ್ಯಾನ್ ಬೆಲ್ಟ್ ಸಡಿಲವಾಗಿದ್ದರಂತೂ ಮುಗಿದೇಹೋಯಿತು. ನಮ್ಮ ಎರಡನೆಯ ಕಾರು ಅಲ್ಲಿ ಹೀಟ್ ಮೀಟರಿನ ಮುಳ್ಳನ್ನು ಕೆಂಪಿಗೆ ತಾಗಿಸಿ ನಿಲ್ಲುತ್ತಿತ್ತು. ಬಾನೆಟ್ ಎತ್ತಿ, ಮಕ್ಕಳನ್ನು ತಡೆಗೋಡೆಯ ಬದಿಗೆ ಕೂರಿಸಿ, ಆರುವವರೆಗೂ ಕಾಯುವುದು. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಹಾರುತ್ತದೆಂದು ಅತ್ತೆಗೂ ಗೊತ್ತಿತ್ತು. ಅವರು ಆ ಹೊತ್ತಿನಲ್ಲೇ ಬುತ್ತಿ ಬಿಚ್ಚುತ್ತಿದ್ದರು.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬ ಗ್ಯಾರೇಜಿನವರು ಇದಕ್ಕೆ ಹೇಳಿದ ಪರಿಹಾರ ಥರ್ಮೋಸ್ಟಾಟ್ ಕಿತ್ತುಹಾಕುವುದು. ಹಾಗೆ ಮಾಡಿಸುವವರು ಈಗಲೂ ಇದ್ದಾರೆ. ನೀರು ತಡೆಯಿಲ್ಲದೆ ಹರಿಯುತ್ತದೆ ನಿಜ, ಆದರೆ ಎಂಜಿನ್ ಹದವಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿದು ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಒಳಗಿನ ಸವೆತವೂ ಹೆಚ್ಚು. ಪಕ್ಕದ ಗ್ಯಾರೇಜಿನ ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ. ರೇಡಿಯೇಟರ್ ಬಿಚ್ಚಿಸಿ ರಾಡ್ ಹೊಡೆಸಿ ಕ್ಲೀನ್ ಮಾಡಿಸಿದರು, ಹೋಸ್ ಪೈಪು, ಬೆಲ್ಟ್ ಬದಲಿಸಿದರು, ಕೂಲೆಂಟ್ ಹಾಕಿಸಿದರು. "ಮೇಷ್ಟ್ರೇ, ಇನ್ನೂರು ರೂಪಾಯಿ ಪೈಪು ಒಡೆದ್ರೆ ಹೆಡ್ ಬೆಂಡ್ ಆಗುತ್ತೆ. ಹೆಡ್ ಇಳಿಸಿ, ಲೇತಿಗೆ ಕಳಿಸಿ, ಗ್ಯಾಸ್ಕೆಟ್ ಹಾಕೋಷ್ಟರಲ್ಲಿ ನಿಮ್ಮ ಸಂಬಳ ಹೋಗುತ್ತೆ," ಅಂದರು. ಆಮೇಲೆ ಅವರನ್ನು ಬಿಟ್ಟು ಬೇರೆಯವರ ಹತ್ತಿರ ನಾವು ಹೋಗಲೇ ಇಲ್ಲ.

ಆ ಒಂದು ಮಾತಿನ ಮೇಲೆ ನಮ್ಮ ಖರ್ಚಿನ ಪಟ್ಟಿ ನಿಂತಿತು. ಸಣ್ಣದು ಕೆಟ್ಟು ದೊಡ್ಡದನ್ನು ಕೆಡಿಸುವಂತಿದ್ದರೆ, ಅದು ಕೆಡುವ ಮೊದಲೇ ಬದಲು: ಹೋಸು, ಬೆಲ್ಟ್, ಆಯಿಲ್, ಟೈಮಿಂಗ್ ಬೆಲ್ಟ್. ಜೀವಕ್ಕೆ ಸಂಬಂಧಪಟ್ಟ ಬ್ರೇಕ್, ಟೈರ್, ಸ್ಟೀರಿಂಗಿಗೆ ಹೊಸ ಸಾಮಾನೇ ಆಗಬೇಕು, ಅದರಲ್ಲಿ ಚೌಕಾಶಿಯಿಲ್ಲ. ಕಿಟಕಿ ಗಾಜಿನ ಹ್ಯಾಂಡಲ್, ಬಾಗಿಲ ಲಾಕು, ಟೇಲ್ ಲ್ಯಾಂಪಿನ ಗಾಜು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಬಂದರೂ ನಡೆಯುತ್ತದೆ, ಸಿಗದಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದ್ದೂ ಉಂಟು. ಟಿಂಕರಿಂಗು, ಪೇಂಟಿಂಗಿಗೆ ಮಾತ್ರ ನಾವು ದುಡ್ಡು ಬಿಚ್ಚಲಿಲ್ಲ. ಮದುವೆ ಮನೆಗಳ ಮುಂದೆ ಮಸುಕಾದ ಕಾರು ನಿಲ್ಲಿಸಿದ್ದಕ್ಕೆ ಹೆಂಡತಿ ಎಂದೂ ಬೇಸರ ಮಾಡಿಕೊಳ್ಳಲಿಲ್ಲ. ನನಗೆ ಅದರ ಬಗ್ಗೆ ಇವತ್ತಿಗೂ ಹೆಮ್ಮೆಯಿದೆ.

ಕೂಲಿಯ ಲೆಕ್ಕವನ್ನೂ ಮೇಸ್ತ್ರಿಯೇ ತಿಳಿಸಿಕೊಟ್ಟರು. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸುವ ಕೂಲಿಯೇ ದೊಡ್ಡದು. ಆ ಹೊತ್ತಿನಲ್ಲೇ ಪ್ರೆಶರ್ ಪ್ಲೇಟ್, ಬೇರಿಂಗ್ ಕೂಡ ಬದಲಿಸಿದರೆ ಸಾಮಾನಿನ ದುಡ್ಡು ಮಾತ್ರ ಹೆಚ್ಚು. ಬೇರಿಂಗ್ ಉಳಿಸಲು ಹೋದವರು ಕೆಲವೇ ತಿಂಗಳಲ್ಲಿ ಅದೇ ಕೂಲಿ ಮತ್ತೆ ಕೊಡುತ್ತಾರೆ. ಹುಂಡಿಯಲ್ಲಿ ದುಡ್ಡಿದ್ದದ್ದಕ್ಕೇ ನಾವು ಮೂರನ್ನೂ ಒಟ್ಟಿಗೆ ಹಾಕಿಸಿದೆವು. ದುಡ್ಡಿಲ್ಲದೆ ಅರ್ಧಂಬರ್ಧ ರಿಪೇರಿ ಮಾಡಿಸುವ ಬಡ ಸಂಸಾರಗಳೇ ಕೊನೆಗೆ ಹೆಚ್ಚು ತೆರುವುದನ್ನು ಅದೇ ಗ್ಯಾರೇಜಿನ ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಅದು ನೋವಿನ ಸಂಗತಿ.

ಎಲ್ಲರಿಗೂ ಹಳೆ ಕಾರು ಸರಿ ಎಂದು ನಾನು ಹೇಳಲಾರೆ. ಡಯಾಲಿಸಿಸ್‌ಗೆ ವಾರವಾರ ಹೋಗಬೇಕಾದವರು ಮನೆಯಲ್ಲಿದ್ದರೆ, ಕಾರೇ ಅನ್ನ ಕೊಡುವ ಕಸುಬಾಗಿದ್ದರೆ, ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರುವ ಮಗಳಿದ್ದರೆ, ದಾರಿಯಲ್ಲಿ ನಿಲ್ಲದ ಕಾರೇ ಬೇಕು, ಸಾಲವಾದರೂ ಸರಿ. ನನ್ನ ಶಾಲೆ ನಡೆದುಹೋಗುವಷ್ಟು ಹತ್ತಿರವಿತ್ತು. ಕಾರು ಗ್ಯಾರೇಜಿನಲ್ಲಿದ್ದರೆ ಸಂಬಳ ಕಡಿತವಾಗುತ್ತಿರಲಿಲ್ಲ. ಈ ಅನುಕೂಲವೇ ನಮ್ಮ ಲೆಕ್ಕದ ಬುಡ.

ಮಾರುವಾಗಿನ ಎಚ್ಚರ ಇನ್ನೊಂದು. ಹಳೆ ಕಾರು ಕೈಯಿಂದ ಕೈಗೆ ಬೇಗ ದಾಟುತ್ತದೆ, ಆರ್‌ಸಿಯಲ್ಲಿ ಹೆಸರು ಬದಲಾಗುವುದು ನಿಧಾನ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣದಲ್ಲಿ, 2007ರಲ್ಲೇ ಕಾರು ಮಾರಿದ್ದವರ ಹೆಸರು 2009ರ ಅಪಘಾತದ ಹೊತ್ತಿಗೂ ನೋಂದಣಿಯಲ್ಲಿ ಹಾಗೇ ಇತ್ತು. ನಡುವೆ ಕಾರು ಹಲವರ ಕೈ ದಾಟಿತ್ತು. ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದಿತು ಕೋರ್ಟ್. ಆದ್ದರಿಂದ ನಾವು ಮಾರುವಾಗ ಫಾರಂ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳದೆ, ಕೊಂಡವರ ಜೊತೆ ಆರ್‌ಟಿಒಗೆ ಹೋಗಿ, ಹೆಸರು ಬದಲಾದ ಆರ್‌ಸಿ ಪ್ರತಿ ಕೈಗೆ ಬರುವವರೆಗೂ ಬೆನ್ನು ಬಿಡುವುದಿಲ್ಲ.

ಈಗಿನ ಕಾರಿಗೆ ಬರುವ ವರ್ಷ 15 ತುಂಬುತ್ತದೆ. ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ₹600 ಇದ್ದದ್ದು ₹5,000 ಆಗಿದೆ, ಜೊತೆಗೆ ಹಸಿರು ತೆರಿಗೆ. ನವೀಕರಿಸಿದರೆ ಐದು ವರ್ಷ. ನಾಲ್ಕು ಟೈರೂ ಆಗಬೇಕು, ಸಸ್ಪೆನ್ಷನ್ ಬುಷ್‌ಗಳು ಸದ್ದು ಮಾಡುತ್ತಿವೆ. ಮೇಸ್ತ್ರಿಯ ಮಗ ಈಗ ಗ್ಯಾರೇಜು ನೋಡಿಕೊಳ್ಳುತ್ತಾನೆ. ಬಾಡಿಯ ಅಡಿಯಲ್ಲಿ ತುಕ್ಕು ಇಲ್ಲ, ಎಂಜಿನ್ ಗಟ್ಟಿಯಿದೆ ಎಂದು ಹೇಳಿದ್ದಾನೆ. ಎಲ್ಲ ಸೇರಿ ಅವನು ಕೊಟ್ಟ ಅಂದಾಜು ಹೊಸ ಕಾರಿನ ಐದಾರು ತಿಂಗಳ ಕಂತಿನಷ್ಟು. ಹುಂಡಿಯಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಮಳೆಗಾಲಕ್ಕೆ ಮುಂಚೆ ಟೈರ್ ಹಾಕಿಸಿಬಿಡೋಣ ಎಂದು ಹೆಂಡತಿ ಹೇಳಿದ್ದಾಳೆ.